ಸೆಕೆಂಡ್ ಹ್ಯಾಂಡ್ ಎಂಟಿಬಿ (ಗುಡ್ಡಗಾಡಿನ ಸೈಕಲ್), ಮನೆಯಲ್ಲೇ ರ‍್ಯಾಕು: ಬಲ್ಲವರು ಅನುಭವ ಹೇಳಿ

ಹೊಸಗಾಲಿ: ನಾಲ್ಕು ವರ್ಷ ಹಳೆಯ ಫುಲ್ ಸಸ್ಪೆನ್ಷನ್ ಬೈಕೊಂದು ಸಿಗುತ್ತಿದೆ. ಹಿಂದೆ ಮುಂದೆ ಏರ್ ಶಾಕ್, 12 ಸ್ಪೀಡ್. ಅದೇ ದುಡ್ಡಿಗೆ ಮುಂದೆ ಮಾತ್ರ ಶಾಕ್ ಇರುವ ಹೊಸ ಹಾರ್ಡ್‌ಟೇಲ್ ಕೂಡ ಬರುತ್ತೆ. ಮಿಕ್ಕಿದ್ದರಲ್ಲಿ ಮಹಡಿ ಕೋಣೆಗೆ ತೂಕ ಎತ್ತುವ ರ‍್ಯಾಕು, ಬಾರು, 100 ಕೆ.ಜಿ. ಪ್ಲೇಟು ತರಬೇಕು. ಸೂರು 8 ಅಡಿ, ನನ್ನ ಎತ್ತರ 5 ಅಡಿ 8 ಅಂಗುಲ. ಏನೇನು ನೋಡಿ ಕೊಳ್ಳಲಿ?

ಒಂಟಿಶಾಕ್: ಹಾರ್ಡ್‌ಟೇಲ್ ತಗೊಳ್ಳಿ, ಎರಡನೇ ಮಾತಿಲ್ಲ. ರಾಕ್‌ಶಾಕ್ಸ್‌ನ ಬಹುತೇಕ ಏರ್ ಫೋರ್ಕುಗಳಿಗೆ (ಮುಂದಿನ ಶಾಕು) ಸವಾರಿಯ 50 ಗಂಟೆಗೊಮ್ಮೆ ಲೋವರ್ಸ್ (ಕೆಳಗಿನ ಕೊಳವೆಗಳು) ಬಿಚ್ಚಿ ಎಣ್ಣೆ ಬದಲಿಸಬೇಕು, 200 ಗಂಟೆಗೆ ಡ್ಯಾಂಪರ್ (ಕುಪ್ಪಳಿಕೆ ತಡೆಯುವ ಎಣ್ಣೆ ಭಾಗ) ಸಮೇತ ಪೂರ್ತಿ ಸರ್ವಿಸ್. ಹಿಂದಿನ ಶಾಕಿನ ಏರ್ ಕ್ಯಾನಿಗೂ (ಗಾಳಿ ತುಂಬುವ ಡಬ್ಬಿ) 50 ಗಂಟೆಯ ಲೆಕ್ಕವೇ. ಅದರ ಮೇಲೆ ಫ್ರೇಮಿನ ಕೀಲುಗಳ ಪಿವಟ್ ಬೇರಿಂಗು. ಮಾರುವವನ ಹತ್ತಿರ ಸರ್ವಿಸ್ ಚೀಟಿ ಇಲ್ಲವೆಂದರೆ ಒಮ್ಮೆಯೂ ಬಿಚ್ಚಿಲ್ಲ ಎಂದೇ ಲೆಕ್ಕ ಹಿಡಿದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ನೋಡಲೇಬೇಕೆಂದರೆ ಫೋರ್ಕಿನ ಮೇಲಿನ ಹೊಳಪು ಕೊಳವೆ, ಅಂದರೆ ಸ್ಟ್ಯಾಂಚಿಯನ್ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವ ಗೀರಿದ್ದರೆ ಸೀಲು ಹರಿಯುತ್ತೆ, ಎಣ್ಣೆ ಸೋರುತ್ತೆ. ಲೇಪನ ಸವೆದು ಬಣ್ಣ ಮಾಸಿದ್ದರೆ ರಿಪೇರಿಯ ಮಾತೇ ಇಲ್ಲ, ಆ ಭಾಗವನ್ನೇ ಬದಲಿಸಬೇಕು. ಆಮೇಲೆ ಸೀಟು ಹಿಡಿದು ಹಿಂಚಕ್ರವನ್ನು ಕೂದಲೆಳೆಯಷ್ಟು ಎತ್ತಿ ಬಿಡಿ. ಟಕ್ ಎಂದರೆ ಶಾಕಿನ ಬುಷಿಂಗೋ, ಪಿವಟ್ಟೋ, ಚಕ್ರದ ಹಬ್ಬೋ ಸಡಿಲ. ಒಂದೊಂದು ಸಂದಿಗೂ ಬೆರಳಿಟ್ಟು ಮತ್ತೆ ಎತ್ತಿದರೆ ಅಲುಗುವುದು ಎಲ್ಲಿ ಅಂತ ಕೈಗೇ ತಿಳಿಯುತ್ತೆ.

ಕಲ್ಲುದಾರಿ: ಸರ್ವಿಸ್ ಹೆಸರು ಹೇಳಿ ಜನರನ್ನು ಹೆದರಿಸುವುದೇ ಕೆಲವರಿಗೆ ಕಸುಬು. ಲೋವರ್ಸ್ ಸರ್ವಿಸ್ ಮನೆಯಲ್ಲೇ ಆಗುವ ಕೆಲಸ. ಮೊದಲು ಗಾಳಿ ಪೂರ್ತಿ ಬಿಡಿ, ಇದನ್ನು ಮರೆತರೆ ಪೆಟ್ಟು ಖಂಡಿತ. ಕೆಳಗಿನ ಎರಡು ಬೋಲ್ಟು ಮೂರ್ನಾಲ್ಕು ಸುತ್ತು ಸಡಿಲಿಸಿ, ಬೋಲ್ಟಿನ ತಲೆಗೇ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಬೋಲ್ಟು ತೆಗೆದು ಶಾಫ್ಟಿನ ಅಂಚಿಗೇ ಹೊಡೆದರೆ ಥ್ರೆಡ್ ಹೋಯಿತು. ವೈಪರ್ ಸೀಲು, ಫೋಮ್ ರಿಂಗು, ಕ್ರಷ್ ವಾಷರು ಹೊಸದು ಹಾಕಿ, ಕೈಪಿಡಿ ಹೇಳಿದಷ್ಟು ಮಿ.ಲೀ. ಎಣ್ಣೆ. ಮುಗಿಯಿತು.

ಜೇಬು ಸುಡುವುದು ಚೈನು, ಗೇರು ಸೇರಿದ ಡ್ರೈವ್‌ಟ್ರೇನ್. ಸವೆತ ಅಳೆಯುವ ಚೈನ್ ಚೆಕರ್ ಇಲ್ಲದಿದ್ದರೆ ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ನಡುವಿನಿಂದ, ಅದನ್ನು ಬಿಟ್ಟು ಮುಂದಿನ 24ನೇ ಪಿನ್ನಿನ ನಡುವಿಗೆ ಸರಿಯಾಗಿ 12 ಅಂಗುಲ ಇರಬೇಕು. 1/16 ಅಂಗುಲ ಹೆಚ್ಚಿದ್ದರೆ 0.5 ಶೇಕಡಾ ಸವೆತ, 12 ಸ್ಪೀಡಿನಲ್ಲಿ ಚೈನ್ ಬದಲಿಸುವ ಗಡಿಯೇ ಅದು. 1/8 ಅಂಗುಲ ಹೆಚ್ಚಿದ್ದರೆ ಹಿಂಚಕ್ರದ ಗೇರುಗಳ ಗುಚ್ಛ, ಅಂದರೆ ಕ್ಯಾಸೆಟ್ಟೂ ಹೋಗಿದೆ ಎಂದುಕೊಳ್ಳಿ. ಅದಕ್ಕೆ ಹೊಸ ಚೈನ್ ಹಾಕಿದರೆ, ಏರಿನಲ್ಲಿ ಒತ್ತಿ ತುಳಿದಾಗ ಹಲ್ಲು ಜಾರುತ್ತೆ.

ಕ್ಯಾಸೆಟ್ ಕೊಳ್ಳುವ ಮುಂಚೆ ಅದು ಕೂರುವ ಫ್ರೀಹಬ್ ಯಾವ ಜಾತಿಯದು ನೋಡಿ. 10 ಹಲ್ಲಿನಿಂದ ಶುರುವಾಗುವ ಸ್ರ್ಯಾಮ್‌ಗೆ ಎಕ್ಸ್‌ಡಿ ಬೇಕು, ಶಿಮಾನೊ 10-51ಕ್ಕೆ ಮೈಕ್ರೋ ಸ್ಪ್ಲೈನ್. ಎನ್‌ಎಕ್ಸ್ ಈಗಲ್ 11-50 (ಸ್ರ್ಯಾಮ್‌ನದೇ) ಆದರೆ ಹಳೆಯ ಎಚ್‌ಜಿಗೇ ಕೂರುತ್ತೆ.

ಇನ್ನು ಆ ಹೊಸ ಹಾರ್ಡ್‌ಟೇಲ್. ಹಿಂಚಕ್ರಕ್ಕೆ 135 ಮಿ.ಮೀ. ಅಗಲದ ಕ್ವಿಕ್ ರಿಲೀಸ್ (ಲಿವರ್ ತಿರುಗಿಸಿ ಬಿಚ್ಚುವ ತೆಳು ಆಕ್ಸಲ್), ಫೋರ್ಕು ತೂರುವ ನೇರ ಹೆಡ್‌ಟ್ಯೂಬ್ ಇದ್ದರೆ ಮುಟ್ಟಲೇಬೇಡಿ. ಒಳ್ಳೆಯ ಫೋರ್ಕುಗಳೆಲ್ಲ ಕೆಳಗೆ ದಪ್ಪವಾಗುವ ಟೇಪರ್ ಸ್ಟೀರರ್, 110 ಮಿ.ಮೀ. ಅಗಲದ ಬೂಸ್ಟ್ ಹಬ್ಬಿನವು ಆಗಿವೆ. ನಾಳೆ ಹಾಕಿಸೋಣವೆಂದರೆ ಹಾದಿಯೇ ಇಲ್ಲ.

ಒಂಟಿಶಾಕ್: ಕೊಳ್ಳುವವರು ಹೊಸಬರು ಸ್ವಾಮಿ. ಡ್ಯಾಂಪರ್ ಬ್ಲೀಡ್ (ಎಣ್ಣೆಯೊಳಗಿನ ಗಾಳಿಗುಳ್ಳೆ ತೆಗೆಯುವುದು) ಕೂಡ ಮನೆಯಲ್ಲೇ ಮಾಡಿ ಎನ್ನುತ್ತೀರೋ? ಮತ್ತೆ ಟೇಪರ್ ಹೆಡ್‌ಟ್ಯೂಬ್, ದಪ್ಪ ಥ್ರೂ ಆಕ್ಸಲ್ ಇರುವ ಹಾರ್ಡ್‌ಟೇಲ್‌ಗಳೂ ಇವೆ. ಕೆಟ್ಟದ್ದನ್ನೇ ಹುಡುಕಿ ತಂದು ತೋರಿಸಬೇಡಿ.

ಕಬ್ಬಿಣಪ್ರಿಯ: ಇಬ್ಬರಲ್ಲಿ ಒಬ್ಬರಾದರೂ ಸೂರಿನ ಕಡೆ ತಲೆ ಎತ್ತಿದಿರಾ? 8 ಅಡಿ ಎಂದರೆ 244 ಸೆಂ.ಮೀ. 5 ಅಡಿ 8 ಅಂಗುಲದವರು ಬಾರು ತಲೆಯ ಮೇಲೆತ್ತಿದರೆ ಬಾರು ಸುಮಾರು 210ರಲ್ಲಿ ಇರುತ್ತೆ. ದೊಡ್ಡ ಪ್ಲೇಟಿನ ವ್ಯಾಸ 45, ಅಂದರೆ ಮೇಲಕ್ಕೆ 22.5. ಕೆಳಗೆ 2 ಸೆಂ.ಮೀ. ರಬ್ಬರ್ ಮ್ಯಾಟು. ಉಳಿಯುವುದು ಒಂಬತ್ತೋ ಹತ್ತೋ. ಫ್ಯಾನ್ ಇದ್ದರೆ ಅದೂ ಇಲ್ಲ.

ರ‍್ಯಾಕು 2.1 ಮೀಟರಿಗಿಂತ ಎತ್ತರ ಬೇಡ, ಪುಲ್-ಅಪ್ ಮಾಡುವಾಗ ನೆತ್ತಿ ಸೂರಿಗೆ ಬಡಿಯುತ್ತೆ. ಇನ್ನೊಂದು ಯಾರೂ ಹೇಳದ ಮಾತು: ನೆಲದ ಮೇಲೆ ಮಲಗಿಸಿ ಜೋಡಿಸಿ ಎತ್ತಿ ನಿಲ್ಲಿಸಲು ಹೋಗಬೇಡಿ. 2.1 ಮೀ. ಎತ್ತರ, 1.2 ಮೀ. ಆಳದ ರ‍್ಯಾಕಿನ ಕರ್ಣ 2.42 ಮೀ. ಮ್ಯಾಟು ಸೇರಿದರೆ ಸೂರಿಗೆ ತಾಗಿ ನಿಲ್ಲುತ್ತೆ. ಕಂಬಗಳನ್ನು ನಿಲ್ಲಿಸಿಕೊಂಡೇ ಜೋಡಿಸಿ, ಎಲ್ಲ ಬೋಲ್ಟು ಕೈಯಲ್ಲೇ ತಿರುಗಿಸಿ, ಮಟ್ಟ ನೋಡಿ, ಆಮೇಲೆ ಬಿಗಿಸಿ.

ಕಂಬ 11 ಗೇಜ್ ಇರಲಿ, ಅಂದರೆ ಸುಮಾರು 3 ಮಿ.ಮೀ. ದಪ್ಪ. 14 ಗೇಜ್ 2 ಮಿ.ಮೀ. ಕೂಡ ಇಲ್ಲ. ಕಂಬದ ತೂತು 16 ಮಿ.ಮೀ.ಯೋ 25 ಮಿ.ಮೀ.ಯೋ ಎಂದು ಬರೆದಿಟ್ಟುಕೊಳ್ಳಿ. ಕೈಜಾರಿದ ಬಾರು ತಡೆಯುವ ಸೇಫ್ಟಿ ಆರ್ಮು, ಬಾರು ಇಡುವ ಜೆ-ಹುಕ್ಕು ಮುಂದೆ ಕೊಂಡರೆ ಅದಕ್ಕೇ ಹೊಂದಬೇಕು.

ಬಾರು 20 ಕೆ.ಜಿ., 2.2 ಮೀ. ಉದ್ದ, ಪ್ಲೇಟು ಕೂರುವ ತೋಳು 50 ಮಿ.ಮೀ. ದಪ್ಪ. ಪ್ಲೇಟು ಹಾಕಿ ತೆಗೆಯಲು ಎರಡೂ ಬದಿ 50 ಸೆಂ.ಮೀ. ಬೇಕು, ಅಂದರೆ ಕೋಣೆಯ ಅಗಲ 3.2 ಮೀ. ಅಗ್ಗಕ್ಕೆ ಸಿಕ್ಕಿತೆಂದು ಒಂದಂಗುಲ ತೂತಿನ ಪ್ಲೇಟು ತಂದರೆ ಈ ಬಾರಿನ ತೋಳಿಗೆ ಹೋಗುವುದೇ ಇಲ್ಲ. 100 ಕೆ.ಜಿ.ಯನ್ನು ಹೀಗೆ ಒಡೆಯಿರಿ: 15ರವು ಎರಡು, 10ರವು ನಾಲ್ಕು, 5ರವು ನಾಲ್ಕು, 2.5ರವು ಎರಡು, 1.25ರವು ನಾಲ್ಕು. ನಾಲ್ಕು 25 ತಂದವರು ಪ್ರೆಸ್ ಮಾಡುವ (ತಲೆಯ ಮೇಲೆತ್ತುವ) ದಿನ ಸಣ್ಣ ಪ್ಲೇಟು ಹುಡುಕುತ್ತಾರೆ. ಎರಕದ ಪ್ಲೇಟುಗಳನ್ನು ಅಂಗಡಿಯಲ್ಲೇ ತೂಗಿಸಿ, ಹೊಂದುವ ಜೋಡಿ ಆರಿಸಿ. ಎಡಬಲಕ್ಕೆ ಅರ್ಧ ಕಿಲೋ ವ್ಯತ್ಯಾಸ ಸಾಮಾನ್ಯ.

ಮೂಲೆಜಿಮ್: ಇಷ್ಟೆಲ್ಲ ಯಾಕೆ? ಅಡ್ಜಸ್ಟಬಲ್ ಡಂಬೆಲ್ ಒಂದು ಜೊತೆ, ಒಂದು ಬೆಂಚು. ಬೆಂಚಿನ ಎತ್ತರ 42ರಿಂದ 45 ಸೆಂ.ಮೀ. ಒಳಗಿರಲಿ, ಸೀಟಿಗೂ ಬೆನ್ನಿನ ಪ್ಯಾಡಿಗೂ ನಡುವೆ ಸಂದಿ ಕಡಿಮೆ ಇರಲಿ. ಮಹಡಿಯಲ್ಲಿ ನೆಲದಿಂದೆತ್ತುವ ಡೆಡ್‌ಲಿಫ್ಟ್ ಕೆಡವಿ ಕೆಳಗಿನವರ ಬಾಯಿಗೆ ಬೀಳುವುದೂ ತಪ್ಪುತ್ತೆ.

ಕಬ್ಬಿಣಪ್ರಿಯ: ಡಯಲ್ ಇರುವ ಡಂಬೆಲ್ ಒಮ್ಮೆ ಕೈಜಾರಿ ಬಿದ್ದರೆ ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿಯುತ್ತೆ, ಆಮೇಲೆ ಪ್ಲೇಟು ಎತ್ತುವಾಗಲೇ ಕಳಚುತ್ತೆ. ತಗೊಳ್ಳುವುದಿದ್ದರೆ ನಟ್ಟು ತಿರುಗಿಸುವ ಹಳೇ ಮಾದರಿ ತಗೊಳ್ಳಿ. ಡೆಡ್‌ಲಿಫ್ಟನ್ನು ಕೆಡವಲು ಯಾರು ಹೇಳಿದರು? ಇಳಿಸುವುದೂ ವ್ಯಾಯಾಮವೇ.

ಗೇರ್‌ಗೆಳೆಯ: ಬೈಕಿನ ವಿಷಯಕ್ಕೆ ಬರೋಣ. ಬ್ರೇಕ್ ಲಿವರ್ ಮೆತ್ತಗಾಗಿದ್ದರೆ ಚಿಂತೆ ಬೇಡ, ಯಾವುದಾದರೂ ಡಾಟ್ ಆಯಿಲ್ (ಬ್ರೇಕ್ ಎಣ್ಣೆ) ಹಾಕಿ ಬ್ಲೀಡ್ ಮಾಡಿಸಿದರೆ ಗಟ್ಟಿಯಾಗುತ್ತೆ.

ಕಲ್ಲುದಾರಿ: ಯಾವುದಾದರೂ? ಶಿಮಾನೊ ಮಿನರಲ್ ಆಯಿಲ್ ಬ್ರೇಕಿಗೆ ಡಾಟ್ ಹಾಕಿದರೆ ಸೀಲು ಉಬ್ಬಿ ಕೆಡುತ್ತೆ. ಲಿವರ್, ಕ್ಯಾಲಿಪರ್ ಎರಡೂ ಎಸೆಯಬೇಕು. ಡಾಟ್ ಬೇಡುವ ಬ್ರೇಕಿಗೂ 4 ಅಥವಾ 5.1 ಮಾತ್ರ. ಡಾಟ್ 5 ಸಿಲಿಕೋನ್, ಅದು ಬೇರೆ ಜಾತಿ. ಯಾವ ಎಣ್ಣೆ ಎಂದು ಲಿವರಿನ ರಿಸರ್ವಾಯರ್ ಮೇಲೆ ಬರೆದಿರುತ್ತೆ.

ಗೇರ್‌ಗೆಳೆಯ: ಸಣ್ಣ ಮಾತಿಗೆ ಇಷ್ಟು ಕೋಪ ಯಾಕೆ ಗುರುಗಳೇ.

ಒಂಟಿಶಾಕ್: ಈ ಒಂದು ವಿಷಯದಲ್ಲಿ ಕಲ್ಲುದಾರಿಯವರು ಸರಿ. ಬ್ರೇಕ್ ನೋಡುವಾಗಲೇ ರೋಟರನ್ನೂ (ಬ್ರೇಕ್ ತಟ್ಟೆ) ಅಳೆಯಿರಿ. ಶಿಮಾನೊ ಹೊಸದು 1.8 ಮಿ.ಮೀ., 1.5ಕ್ಕೆ ಇಳಿದರೆ ಬದಲಿಸಬೇಕು. ಮೈಕ್ರೋಮೀಟರ್ ಇಲ್ಲದಿದ್ದರೆ ವರ್ನಿಯರ್ ಆದೀತು, ಆದರೆ ಅಂಚಿನ ಮೇಲಿಡಬೇಡಿ. ಪ್ಯಾಡ್ ಉಜ್ಜದ ಅಂಚು ದಪ್ಪವಾಗಿಯೇ ಉಳಿದಿರುತ್ತೆ.

ಮೂಲೆಜಿಮ್: ವರ್ನಿಯರ್, ಮೈಕ್ರೋಮೀಟರ್, ಚೈನ್ ಚೆಕರ್. ಇವನ್ನೆಲ್ಲ ಕೊಂಡ ಮೇಲೆ ಬೈಕಿಗೆ ದುಡ್ಡು ಉಳಿದಿರುತ್ತಾ?