ಕರೆಂಟ್ ಒಲಿ ಮಾಡಿ ಮಾರಬೇಕಂತೀನಿ, ಏನಂತೀರಿ?

ನಮಸ್ಕಾರ್ರೀ. ಬೆಳಗಾವಿ ಉದ್ಯಮಬಾಗ ಕಾರ್ಖಾನಿ ಏರಿಯಾದಾಗ ಒಂಬತ್ತು ವರ್ಷ ಪತ್ರಾ (ತಗಡಿನ) ಕೆಲಸ ಮಾಡೇನಿ. ಈಗ ಸ್ವಂತಕ್ಕ 2000 ವ್ಯಾಟಿನ ಕಾಯಿಲ್ ಒಲಿ ಮೂರು ಮಾಡೀನಿ. ಒಂದನ್ನ ನಮ್ಮ ಓಣಿ ಖಾನಾವಳಿ ಅಕ್ಕಾರಿಗೆ ಕೊಟ್ಟೆ. ಮುಂಜಾನೆ ಛಲೋ ನಡೀತೈತಂತ, ಸಂಜಿಕೆ ರೊಟ್ಟಿ ಹಸೀನ ಉಳೀತಾವಂತ. ಕಾಯಿಲ್ ಬದಲಿ ಮಾಡಿದ್ರೂ ಅದ ಹಾಡು. ಏನ್ ತಪ್ಪೈತ್ರಿ?

ಉತ್ತರ 1:
ಒಲೀದಲ್ಲ ತಮ್ಮಾ, ವೋಲ್ಟೇಜಿಂದು. 230 ವೋಲ್ಟ್ ಇದ್ದದ್ದು ಸಂಜಿಕೆ 180ಕ್ಕ ಇಳಿದ್ರ ನಿನ್ನ 2000 ವ್ಯಾಟ್ ಸುಮಾರು 1200 ಆಗತೈತಿ. ಸಂಜಿಕೆ ವೋಲ್ಟ್ ಮೀಟರ್ ಹಚ್ಚಿ ನೋಡು. ಇನ್ನ ವೈರು: 230ರಾಗ ಹತ್ತಿರ ಹತ್ತಿರ 9 ಆಂಪ್ ಎಳೀತೈತಿ, 16 ಆಂಪಿನ ಪ್ಲಗ್ಗಿಗೇ ಹಚ್ಚಸು. ಸಣ್ಣ ಪ್ಲಗ್ಗಿಗೆ ಹಚ್ಚಿ ನಮ್ಮನಿ ಬೋರ್ಡ್ ಕರಗಿ ಬೆಲ್ಲದ ಪಾಕ ಆಗಿತ್ತು.

ಉತ್ತರ 2:
ಪತ್ರಾಕ್ಕ ಅರ್ಥಿಂಗ್ ಕೊಟ್ಟೀರೇನು? ಮನಿ ಬಳಕೆ ಕರೆಂಟ್ ಒಲಿಗೆ ಐಎಸ್‌ಐ ಗುರುತು ಕಡ್ಡಾಯ ಐತಿ. ಅದಿಲ್ದ ಮಾರಾಕ ಹೋಗಬ್ಯಾಡ್ರಿ. ಉದ್ಯಮ್ ನೋಂದಣಿಗೆ (ಸಣ್ಣ ಉದ್ಯೋಗದ ಸರ್ಕಾರಿ ನೋಂದಣಿ) ರೊಕ್ಕ ಹತ್ತಂಗಿಲ್ಲ, ಯಾವನರ ಏಜೆಂಟ್ ಕೇಳಿದ್ರ ಕೊಡಬ್ಯಾಡ್ರಿ.

ಉತ್ತರ 3:
ನಾನು ಬಾಗಲಕೋಟಿಯಾಕಿ, ದಿನಾ ರೊಟ್ಟಿ ಬಡಿಯಾಕಿ. ನಿಮ್ಮ ಕಾಯಿಲ್ ಎಷ್ಟು ಅಗಲ ಐತ್ರಿ ಅಣ್ಣಾ? ನನ್ನ ಒಲಿ ಕಾಯಿಲ್ ಒಂದು ಗೇಣೂ ಇಲ್ಲ, ಹಂಚು ಅದಕ್ಕಿಂತ ಎಷ್ಟೋ ದೊಡ್ಡದು. ನಡು ಸೀತೈತಿ, ಅಂಚು ಹಸಿ. ಉಬ್ಬಾಕಂತೂ ಬೆಂಕಿ ಉರಿ ಇದ್ರ ಛಲೋ.

ಪ್ರಶ್ನೆ ಕೇಳಿದವ:
ಮೀಟರ್ ಹಚ್ಚಿದ್ನಿರೀ. ಸಂಜಿ ಏಳಕ್ಕ 184! ಅಕ್ಕಾರೆ, ಕಾಯಿಲ್ ಆರು ಇಂಚು. ಮುಂದಿಂದು ಒಂಬತ್ತು ಇಂಚಿಂದು ಮಾಡಿ ನೋಡ್ತೀನಿ. ಅರ್ಥಿಂಗ್ ಇವತ್ತ ಹಾಕಿದೆ.