ಟ್ಯಾರೋ ಓದುವ ಕೆಲಸಕ್ಕೆ ವೆಬ್‌ಸೈಟ್ ಬೇಕು, ಈ ಸಲ ಸರಿಯಾಗಿ ಮಾಡಬೇಕು

ವಿದ್ಯಾನಗರದವಳು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ದಾರಿ ಹೇಳಿ.

ಆರು ವರ್ಷದಿಂದ ಟ್ಯಾರೋ, ಅಂದರೆ ಚಿತ್ರವಿರುವ ಕಾರ್ಡ್ ಹಾಕಿ ಓದುತ್ತಿದ್ದೇನೆ. ಗೆಳತಿಯರಿಗೆ ಅಂತ ಶುರುವಾಗಿದ್ದು, ಈಗ ಅದೇ ನನ್ನ ದುಡಿಮೆ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಮೇಜಿನ ಮೇಲೆ ಹಸಿರು ಬಟ್ಟೆ. ಅಷ್ಟೇ ನನ್ನ ಆಫೀಸು. ತಿಂಗಳಿಗೆ 25ರಿಂದ 30 ಜನ ಬರುತ್ತಾರೆ. ಹಾಸ್ಟೆಲ್ ಹುಡುಗಿಯರು ಜಾಸ್ತಿ. ಮಂಡಿಪೇಟೆಯ ಅಂಗಡಿಯವರೂ ಬರುತ್ತಾರೆ, ಮಗಳನ್ನು ದೂರ ಕೊಟ್ಟ ತಾಯಂದಿರೂ ಬರುತ್ತಾರೆ. ಎಲ್ಲಾ ಬಾಯಿಂದ ಬಾಯಿಗೆ ಹೋದ ಸುದ್ದಿ.

ಈಗ ಎಲ್ಲಾ ನಡೆಯುವುದು ವಾಟ್ಸಾಪ್‌ನಲ್ಲಿ. ಅದೇ ಕಷ್ಟ. ರಾತ್ರಿ ಹನ್ನೆರಡಕ್ಕೆ ಒಬ್ಬರು, "ಮೇಡಂ, ಎಷ್ಟು ತಗೋತೀರಾ?" ಬೆಳಿಗ್ಗೆ ಏಳಕ್ಕೆ ಇನ್ನೊಬ್ಬರು, "ದೃಷ್ಟಿ ತೆಗೀತೀರಾ?" ಮತ್ತೊಬ್ಬರು, "ಗಂಡ ನನ್ನ ಮಾತು ಕೇಳೋ ಹಾಗೆ ಏನಾದ್ರೂ ಮಾಡಿಕೊಡ್ತೀರಾ?" ನಾನು ಇದ್ಯಾವುದನ್ನೂ ಮಾಡುವುದಿಲ್ಲ. ಕಾರ್ಡ್ ಹಾಕಿ, ಎದುರಿಗೆ ಕೂತವರ ಜೊತೆ ಮಾತಾಡುತ್ತೇನೆ. ಅವರ ಮನಸ್ಸಿನಲ್ಲಿ ಇರುವುದನ್ನು ಅವರೇ ಬಿಡಿಸಿ ನೋಡುವ ಹಾಗೆ ಮಾಡುತ್ತೇನೆ. ಇದನ್ನು ದಿನಕ್ಕೆ ಹತ್ತು ಸಲ ಟೈಪ್ ಮಾಡಿ ಬೆರಳು ನೋಯುತ್ತದೆ.

ಎರಡು ವರ್ಷದ ಹಿಂದೆ ಒಬ್ಬರಿಗೆ 9,000 ರೂಪಾಯಿ ಕೊಟ್ಟು ಸೈಟ್ ಮಾಡಿಸಿದ್ದೆ. ತೆರೆದು ನೋಡಿದರೆ ಎಲ್ಲಾ ಇಂಗ್ಲಿಷ್. ನೇರಳೆ ಬಣ್ಣ, ಹೊಗೆ, ಗಾಜಿನ ಗೋಳ ಹಿಡಿದ ಯಾರೋ ವಿದೇಶದ ಹೆಂಗಸು. ನಮ್ಮಮ್ಮ ನೋಡಿ "ಇದು ಯಾರದ್ದೇ?" ಅಂತ ಕೇಳಿದರು. ಹೋಗಲಿ ಅಂದುಕೊಂಡೆ. ಆದರೆ ಸೈಟ್ ಹೆಸರನ್ನು ಅವರು ತಮ್ಮ ಇಮೇಲ್‌ನಲ್ಲಿ ತೆಗೆದುಕೊಂಡಿದ್ದರು. ವರ್ಷ ತುಂಬಿತು, ನವೀಕರಣದ ನೋಟಿಸ್ ಅವರಿಗೇ ಹೋಯಿತು. ಅವರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿದ್ದರು, ನನ್ನ ಫೋನ್ ತೆಗೆಯಲಿಲ್ಲ. ಈಗ ಆ ಹೆಸರನ್ನು ಇನ್ಯಾರೋ ಮಾರಾಟಕ್ಕೆ ಇಟ್ಟಿದ್ದಾರೆ. ಅಶೋಕ ರಸ್ತೆಯಲ್ಲಿ ಅಚ್ಚು ಹಾಕಿಸಿದ 500 ವಿಸಿಟಿಂಗ್ ಕಾರ್ಡ್‌ನಲ್ಲಿ ಅದೇ ಹೆಸರು. ಕೊಡಬೇಕಾದಾಗೆಲ್ಲ ಪೆನ್ನಿನಲ್ಲಿ ಹೊಡೆದು ಕೊಡುತ್ತೇನೆ. ತುಂಬಾ ಬೇಜಾರಾಗುತ್ತದೆ.

ಈ ಸಲ ಕನ್ನಡದಲ್ಲೇ ಮಾಡಬೇಕು ಅಂತ ಆಸೆ. ಕಾರ್ಡ್‌ಗಳ ಚಿತ್ರ ಹಾಕಬಹುದಾ? ದುಡ್ಡು ಮೊದಲೇ ತೆಗೆದುಕೊಳ್ಳುವುದು ಹೇಗೆ? ಎಲ್ಲಕ್ಕಿಂತ ಮುಖ್ಯ, ನಾನು ವಶೀಕರಣದವಳು ಅಲ್ಲ ಅಂತ ನೋಡಿದ ತಕ್ಷಣ ಗೊತ್ತಾಗಬೇಕು. ಅದನ್ನು ಹೇಗೆ ಬರೆಯಲಿ?

ಪಿ.ಜೆ. ಬಡಾವಣೆ, ವೆಬ್ ಕೆಲಸದವನು

ಮೇಡಂ, ಇಂಥ ಕಥೆ ನನ್ನ ಹತ್ತಿರ ತಿಂಗಳಿಗೊಂದು ಬರುತ್ತದೆ. ಮೊದಲ ಕೆಲಸ ಇದು: ಕೆಲಸಕ್ಕೆ ಅಂತಲೇ ಒಂದು ಹೊಸ ಇಮೇಲ್ ಮಾಡಿ. ಪಾಸ್‌ವರ್ಡ್ ನಿಮ್ಮ ಹತ್ತಿರ, ಓಟಿಪಿ ನಿಮ್ಮ ಮೊಬೈಲ್‌ಗೆ. ಆ ಇಮೇಲ್‌ನಿಂದ ನೀವೇ ಕೂತು ಡೊಮೈನ್, ಅಂದರೆ ಸೈಟ್ ಹೆಸರು, ಖರೀದಿಸಿ. ಹತ್ತು ನಿಮಿಷದ ಕೆಲಸ. ಆಮೇಲೆ ಸೈಟ್ ಯಾರು ಬೇಕಾದರೂ ಮಾಡಿಕೊಡಲಿ, ಹೆಸರು ನಿಮ್ಮದೇ ಆಗಿರುತ್ತದೆ. ಮೊದಲ ವರ್ಷದ ದರ ನೋಡಿ ಖುಷಿಪಡಬೇಡಿ, ಎರಡನೇ ವರ್ಷದಿಂದ ಎಷ್ಟು ಅಂತ ಅಲ್ಲೇ ಬರೆದಿರುತ್ತದೆ, ಅದನ್ನು ನೋಡಿ. ಆಗುವುದಾದರೆ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡಿ. ಕನ್ನಡ ಅಕ್ಷರದಲ್ಲೇ '.ಭಾರತ' ಅಂತ ಮುಗಿಯುವ ಡೊಮೈನ್ ಕೂಡ ಸಿಗುತ್ತದೆ, ಚೆನ್ನಾಗಿರುತ್ತದೆ. ಆದರೆ ಫೋನಿನಲ್ಲಿ ವಿಳಾಸವನ್ನು ಕನ್ನಡದಲ್ಲಿ ಟೈಪ್ ಮಾಡುವವರು ಕಡಿಮೆ. ಹಾಗಾಗಿ ಇಂಗ್ಲಿಷ್ ಅಕ್ಷರದ '.in' ಒಂದನ್ನು ಮುಖ್ಯವಾಗಿ ಇಟ್ಟುಕೊಂಡು ಇದನ್ನು ಜೊತೆಗೆ ತೆಗೆದುಕೊಳ್ಳಿ.

ಸೈಟ್‌ಗೆ ವರ್ಡ್‌ಪ್ರೆಸ್ ಅನ್ನೋ ತಂತ್ರಾಂಶ ಸಾಕು. 2003ರಿಂದ ಇದೆ, ಉಚಿತ, ಕನ್ನಡ ಚೆನ್ನಾಗಿ ಬರುತ್ತದೆ. ಹೋಸ್ಟಿಂಗ್‌ಗೆ, ಅಂದರೆ ಸೈಟ್ ಇಡುವ ಜಾಗಕ್ಕೆ, ಮಾತ್ರ ವರ್ಷಕ್ಕೆ ಇಷ್ಟು ಅಂತ ಕಟ್ಟಬೇಕು. ವಿಳಾಸ 'https' ಅಂತ ಶುರುವಾಗಲು ಬೇಕಾದ ಸರ್ಟಿಫಿಕೇಟ್ 'ಲೆಟ್ಸ್ ಎನ್‌ಕ್ರಿಪ್ಟ್'ನಿಂದ ಬಿಟ್ಟಿ ಸಿಗುತ್ತದೆ, ಅದಕ್ಕೆ ಯಾರಾದರೂ ಬೇರೆ ದುಡ್ಡು ಕೇಳಿದರೆ ಯಾಕೆ ಅಂತ ಕೇಳಿ.

ಒಂದು ವಿಷಯ ನಮ್ಮ ಊರಿನಲ್ಲಿ ಎಲ್ಲರೂ ಎಡವುತ್ತಾರೆ. ಬರಹವನ್ನು ಡಿಟಿಪಿ ಸೆಂಟರ್‌ನಲ್ಲಿ ಹಳೇ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಸಿಕೊಂಡು ಬರುತ್ತಾರೆ. ಅದನ್ನು ಸೈಟ್‌ಗೆ ಹಾಕಿದರೆ 'ನಮಸ್ಕಾರ' ಅನ್ನೋ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ ಎಲ್ಲಾ ಕಲಸಿ ಬರುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ನೀವು ಫೋನಿನಲ್ಲಿ ಕನ್ನಡ ಟೈಪ್ ಮಾಡುತ್ತೀರಲ್ಲ, ಅದು ಯೂನಿಕೋಡೇ. ಆದ್ದರಿಂದ ನೀವೇ ಬರೆಯುವುದು ಒಳ್ಳೆಯದು. ಇನ್ನೊಂದು, ಜನ ಗೂಗಲ್‌ನಲ್ಲಿ ಟ್ಯಾರೋ, ಟಾರೋ, ಟ್ಯಾರೊಟ್ ಅಂತ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಈ ಮೂರೂ ಪುಟದಲ್ಲಿ ಎಲ್ಲಾದರೂ ಸಹಜವಾಗಿ ಬರಲಿ, 'ದಾವಣಗೆರೆ' ಅನ್ನೋದೂ ಬರಲಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡುವಾಗ ಮನೆ ವಿಳಾಸ ಕಾಣದ ಹಾಗೆ ಇಡಬಹುದು, ಊರು ಮಾತ್ರ ತೋರಿಸುತ್ತದೆ. ಒಬ್ಬರೇ ಇರುವ ಮನೆಯಾದರೆ ಹಾಗೇ ಮಾಡಿ.

ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ತಂಗೀ, ನಾನೂ ಕಾರ್ಡ್ ಓದುವವಳೇ. ಚಿತ್ರದುರ್ಗದಲ್ಲಿ 11 ವರ್ಷ ಆಯಿತು. ಸೈಟ್ ಮಾಡಿ ನಾಲ್ಕು ವರ್ಷ. ಡೊಮೈನ್ ವಿಷಯ ಮೇಲೆ ಸರಿಯಾಗಿ ಹೇಳಿದ್ದಾರೆ. ನಾನು ಬೇರೆ ವಿಷಯ ಹೇಳುತ್ತೇನೆ, ಯಾಕೆಂದರೆ ನಾನು ಮಾಡಿದ ತಪ್ಪನ್ನು ನೀನು ಮಾಡಬಾರದು.

ನನ್ನ ಸೈಟ್ ಮಾಡಿಕೊಟ್ಟವನು ನನ್ನ ಅಕ್ಕನ ಮಗ. ಒಳ್ಳೆ ಹುಡುಗ. ಬುಕಿಂಗ್ ಫಾರ್ಮ್‌ನಲ್ಲಿ ಹೆಸರು, ಫೋನ್, ಹುಟ್ಟಿದ ದಿನ, ಕೊನೆಗೆ 'ನಿಮ್ಮ ಸಮಸ್ಯೆ ಏನು' ಅಂತ ಒಂದು ದೊಡ್ಡ ಚೌಕ ಇಟ್ಟಿದ್ದ. ಚೆನ್ನಾಗಿದೆ ಅಂದುಕೊಂಡೆ. ಜನ ಬರೆದದ್ದೂ ಬರೆದದ್ದೇ. ಎರಡೆರಡು ಪುಟ ಬರೆಯುವವರು ಇದ್ದರು. ಒಂದು ದಿನ ಊಟಕ್ಕೆ ಬಂದಾಗ ಅವನು ತಟ್ಟೆ ನೋಡುತ್ತಾ ಮೆಲ್ಲಗೆ ಕೇಳಿದ, "ಚಿಕ್ಕಮ್ಮ, ನಮ್ಮ ಹಿಂದಿನ ಬೀದಿ ಆಂಟಿ ಮನೇಲಿ ಅಷ್ಟೊಂದು ಕಷ್ಟನಾ?" ನನಗೆ ತುತ್ತು ಗಂಟಲಲ್ಲೇ ನಿಂತಿತು. ಫಾರ್ಮ್‌ನ ಒಂದೊಂದು ನಕಲೂ ಅವನ ಇಮೇಲ್‌ಗೆ ಹೋಗುತ್ತಿತ್ತು. ಪರೀಕ್ಷೆ ಮಾಡಲು ಹಾಕಿದ್ದನ್ನು ತೆಗೆಯುವುದು ಮರೆತಿದ್ದ. ಆ ಹೆಂಗಸು ಗಂಡನ ವಿಷಯ ಬರೆದಿದ್ದರು. ನನ್ನನ್ನು ನಂಬಿ ಬರೆದಿದ್ದರು. ಅವತ್ತು ರಾತ್ರಿಯೇ ಆ ಚೌಕ ತೆಗೆಸಿದೆ, ಹಳೆಯದನ್ನೆಲ್ಲ ಅಳಿಸಿದೆ, ಮರುದಿನ ಅವರ ಮನೆಗೆ ಹೋಗಿ ನಡೆದದ್ದು ಹೇಳಿ ಕ್ಷಮೆ ಕೇಳಿದೆ. ಅವರು ಮತ್ತೆ ನನ್ನ ಹತ್ತಿರ ಬರಲಿಲ್ಲ. ಅದು ನ್ಯಾಯವೇ.

ಈಗ ನನ್ನ ಫಾರ್ಮ್‌ನಲ್ಲಿ ಇರುವುದು ಕರೆಯಬಹುದಾದ ಹೆಸರು, ಫೋನ್, ಯಾವ ದಿನ, ಯಾವ ಹೊತ್ತು. ಅಷ್ಟೇ. ಟ್ಯಾರೋಗೆ ಹುಟ್ಟಿದ ದಿನ ಬೇಕಾಗಿಲ್ಲ ಅಲ್ವಾ, ಸುಮ್ನೆ ಯಾಕೆ ಕೇಳಬೇಕು? ಸಮಸ್ಯೆಯನ್ನು ಎದುರು ಕೂತಾಗ ಹೇಳಲಿ. ಜನರ ವಿವರ ಇಟ್ಟುಕೊಳ್ಳುವುದಕ್ಕೆ 2023ರಲ್ಲಿ ಕಾನೂನೇ ಬಂದಿದೆ. ಕಾನೂನು ಇಲ್ಲದಿದ್ದರೂ ಇದು ನಮ್ಮ ಕೆಲಸದ ಮೊದಲ ಮರ್ಯಾದೆ.

ಎರಡನೆಯದು, 'ನಾನು ಮಾಡದಿರುವುದು' ಅಂತ ಒಂದು ಭಾಗ ಇಡು. ಕೆಳಗೆ ಸಣ್ಣ ಅಕ್ಷರದಲ್ಲಿ ಬೇಡ, ದರಕ್ಕಿಂತ ಮೇಲೆ. ಚಳ್ಳಕೆರೆ ಕಡೆಯ ಒಬ್ಬರು ಬೆಳಗಿನ ಐದಕ್ಕೆ ಫೋನ್ ಮಾಡಿ, ಹೆಂಡತಿಗೆ ಆಪರೇಷನ್ ಮಾಡಿಸಬೇಕಾ ಬೇಡವಾ ಕಾರ್ಡ್‌ನಲ್ಲಿ ನೋಡಿ ಅಂದಿದ್ದರು. ಡಾಕ್ಟರ್ ಏನು ಹೇಳಿದರೋ ಅದನ್ನೇ ಮಾಡಿ ಅಣ್ಣಾ ಅಂದೆ. ಆಮೇಲೆ ಸೈಟ್‌ನಲ್ಲಿ ಬರೆದೆ: ಕಾಯಿಲೆ, ಕೋರ್ಟ್ ಕೇಸ್, ಷೇರು, ಲಾಟರಿ, ಸತ್ತವರ ವಿಷಯ ಓದುವುದಿಲ್ಲ. ತಾಯತ, ಯಂತ್ರ, ದೃಷ್ಟಿ, ವಶೀಕರಣ ಇಲ್ಲ. ಹೀಗೆ ಬರೆಯುವುದು ನಿನಗೂ ಕ್ಷೇಮ. ಮಂತ್ರ ತಾಯತದಿಂದ ಕಾಯಿಲೆ ವಾಸಿ ಅಂತ ಜಾಹೀರಾತು ಕೊಡುವುದನ್ನು 1954ರ ಕಾನೂನೇ ತಡೆಯುತ್ತದೆ. ನಮ್ಮ ರಾಜ್ಯದಲ್ಲಿ 2017ರ ಮೌಢ್ಯ ನಿಷೇಧ ಕಾಯ್ದೆ ಬೇರೆ ಇದೆ. ಅದೇ ಭಾಗದ ಕೊನೆಗೆ 14416 ನಂಬರ್ ಹಾಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ರಾತ್ರಿ ಹನ್ನೆರಡಕ್ಕೆ ನಿನಗೆ ಮೆಸೇಜ್ ಮಾಡುವವರಲ್ಲಿ ಕೆಲವರಿಗೆ ಆ ಹೊತ್ತಿಗೆ ಬೇಕಾಗಿರುವುದು ಆ ನಂಬರೇ. ಕಾರ್ಡ್ ನಾಳೆ ನೋಡಿದರಾಯಿತು.

ಚಿತ್ರದ ವಿಷಯ. ನಾವೆಲ್ಲ ಕಲಿತ ರೈಡರ್ ವೇಟ್ ಕಾರ್ಡ್‌ಗಳು 1909ರಲ್ಲಿ ಲಂಡನ್ನಿನಲ್ಲಿ ಬಂದವು. 78 ಚಿತ್ರವನ್ನೂ ಬರೆದವಳು ಪಮೆಲಾ ಕೋಲ್ಮನ್ ಸ್ಮಿತ್. ಆಕೆ ತೀರಿಕೊಂಡದ್ದು 1951ರಲ್ಲಿ. ನಮ್ಮ ದೇಶದಲ್ಲಿ ಚಿತ್ರದ ಮೇಲಿನ ಹಕ್ಕು (ಕಾಪಿರೈಟ್) ಉಳಿಯುವುದು ಬರೆದವರು ತೀರಿದ ಮೇಲೆ 60 ವರ್ಷ, ಹಾಗಾಗಿ ಆ ಮೂಲ ಚಿತ್ರಗಳನ್ನು ಹಾಕಬಹುದು. ಆದರೆ ಅಂಗಡಿಯಲ್ಲಿ ಸಿಗುವ ಕೆಲವು ಕಾರ್ಡ್ ಡೆಕ್‌ಗಳಿಗೆ ಆಮೇಲೆ ಹೊಸದಾಗಿ ಬಣ್ಣ ಹಾಕಿದ್ದಾರೆ. ಈಗಿನ ಕಲಾವಿದರು ಬರೆದ ಡೆಕ್‌ಗಳೂ ಇವೆ. ಅವುಗಳನ್ನು ಕೇಳದೆ ಸ್ಕ್ಯಾನ್ ಮಾಡಿ ಹಾಕಬೇಡ. ಚಿತ್ರ ಹಾಕುವಾಗ ಕೆಳಗೆ ಪಮೆಲಾ ಹೆಸರು ಬರೆ. ಪೆಟ್ಟಿಗೆಯ ಮೇಲೆ ಪ್ರಕಾಶಕ ರೈಡರ್ ಹೆಸರು, ಬರೆಸಿದ ವೇಟ್ ಹೆಸರು ಬಂತು, ಬರೆದ ಹೆಣ್ಣುಮಗಳ ಹೆಸರು ಎಷ್ಟೋ ವರ್ಷ ಬರಲಿಲ್ಲ. ನನಗೆ ಅದು ಇವತ್ತಿಗೂ ಚುಚ್ಚುತ್ತದೆ.

ಮೊದಲ ಪುಟದಲ್ಲಿ 13ನೇ ಕಾರ್ಡ್ ಹಾಕಬೇಡ. ನಾವು ಅದನ್ನು ಬದಲಾವಣೆ ಅಂತ ಓದುತ್ತೇವೆ, ಆದರೆ ಮೊದಲ ಸಲ ನೋಡುವವರಿಗೆ ಕುದುರೆ ಮೇಲೆ ಕೂತ ಅಸ್ಥಿಪಂಜರ ಮಾತ್ರ ಕಾಣುತ್ತದೆ.

ವಿದ್ಯಾನಗರದವಳು

ಅಕ್ಕಾ, ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ನನ್ನ ಹಳೇ ಸೈಟ್‌ನಲ್ಲೂ ಅಂಥದ್ದೇ ಚೌಕ ಇತ್ತು. ಅದರಲ್ಲಿ ಜನ ಬರೆದದ್ದು ಈಗ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ಅವರ ನಂಬರ್‌ಗಳು ನನ್ನ ಫೋನಿನಲ್ಲಿವೆ, ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುತ್ತೇನೆ.

ದುಡ್ಡಿನದ್ದು ಹೇಗೆ ಮಾಡಿದ್ದೀರಿ?

ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಫೋನ್ ಮಾಡು, ಒಳ್ಳೆಯದು.

ದುಡ್ಡಿಗೆ ಮೊದಲು, ಸೈಟ್‌ನಲ್ಲೇ ಹಣ ಕಟ್ಟಿಸಿಕೊಳ್ಳುವ ಪೇಮೆಂಟ್ ಗೇಟ್‌ವೇ ಹಾಕಿಸಲು ಹೋಗಿದ್ದೆ. ಅರ್ಜಿ ವಾಪಸ್ ಬಂತು. ಕೆಲವು ಗೇಟ್‌ವೇಗಳು ಭವಿಷ್ಯ ಹೇಳುವ ಕೆಲಸವನ್ನು ತೆಗೆದುಕೊಳ್ಳದ ಪಟ್ಟಿಯಲ್ಲಿ ಇಟ್ಟಿರುತ್ತವೆ, ಮೊದಲೇ ಆ ಪಟ್ಟಿ ಓದಿಕೊಂಡು ಅರ್ಜಿ ಹಾಕು. ತೆಗೆದುಕೊಳ್ಳುವವರೂ ದರ, ಹಣ ವಾಪಸಾತಿ ನಿಯಮ, ಸಂಪರ್ಕ ಈ ಪುಟಗಳು ಸೈಟ್‌ನಲ್ಲಿ ಇವೆಯಾ ಅಂತ ನೋಡುತ್ತಾರೆ. ನಿನ್ನಷ್ಟು ಜನಕ್ಕೆ ಯುಪಿಐ ಸಾಕು. ಕೆಲಸಕ್ಕೆ ಬೇರೆ ಬ್ಯಾಂಕ್ ಖಾತೆ ಇಟ್ಟುಕೋ, ಮನೆ ಖರ್ಚಿನದು ಬೇರೆ ಇರಲಿ. ಕ್ಯೂಆರ್ ಕೋಡ್ ಅನ್ನು ಸೈಟ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡ, ಸಮಯ ಖಚಿತ ಆದ ಮೇಲೆ ಕಳಿಸು. ನಾನು ಅರ್ಧ ಮೊದಲು, ಅರ್ಧ ಓದಿದ ಮೇಲೆ ತೆಗೆದುಕೊಳ್ಳುತ್ತೇನೆ. ಹಿಂದಿನ ದಿನ ಸಂಜೆಯೊಳಗೆ ಬೇಡ ಅಂದರೆ ಪೂರ್ತಿ ವಾಪಸ್. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿಕೋ, ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ, ಅದಕ್ಕೂ ದುಡ್ಡು ಕೇಳುವ ಸೈಟ್‌ಗಳಿವೆ, ಹುಷಾರು.

ಹರಿಹರದಿಂದ

ನಾನು ಕಾರ್ಡ್ ಓದುವವಳಲ್ಲ, ಓದಿಸಿಕೊಳ್ಳುವವಳು. ನಮ್ಮ ಕಡೆಯಿಂದ ಏನು ಬೇಕು ಅಂತ ಹೇಳಲಾ?

ಚಿಕ್ಕವಳಿದ್ದಾಗ ನಮ್ಮಜ್ಜಿ ಹರಿಹರೇಶ್ವರ ಗುಡಿಗೆ ಹೋದಾಗೆಲ್ಲ ಗಿಣಿಶಾಸ್ತ್ರದವನ ಮುಂದೆ ಕೂರುತ್ತಿದ್ದಳು. ಗಿಣಿ ಪಂಜರದಿಂದ ಬಂದು ಚೀಟಿ ತೆಗೆಯುವುದು, ಅವನು ಅದನ್ನು ಬಿಡಿಸಿ ಓದುವುದು, ಅಜ್ಜಿ ಕೈ ಮುಗಿದುಕೊಂಡು ಕೇಳುವುದು. ಎಲ್ಲಾ ನಾಲ್ಕು ಜನರ ಎದುರಿಗೆ ನಡೆಯುತ್ತಿತ್ತು. ಎಷ್ಟು ದುಡ್ಡು ಅಂತ ಮೊದಲೇ ಹೇಳುತ್ತಿದ್ದ. ಅಜ್ಜಿಗೆ ಹೆದರಿಕೆ ಅನ್ನೋದೇ ಇರಲಿಲ್ಲ. ನಾನು ಮೊದಲ ಸಲ ಟ್ಯಾರೋಗೆ ಹೋಗುವಾಗ ಯಾರ ಮನೆಯೋ, ಒಳಗೆ ಯಾರಿರುತ್ತಾರೋ, ಕೊನೆಗೆ ಎಷ್ಟು ಕೇಳುತ್ತಾರೋ ಅಂತ ಕೈ ತಣ್ಣಗಾಗಿತ್ತು.

ಆ ಹೆದರಿಕೆ ಹೋಗುವ ಹಾಗೆ ಮಾಡಿ. ನಿಮ್ಮ ಆ ಹಸಿರು ಬಟ್ಟೆಯ ಮೇಜಿನ ಫೋಟೋ ಹಾಕಿ, ಹಗಲು ಹೊತ್ತಿನಲ್ಲಿ, ಕಿಟಕಿ ತೆರೆದು. ಜೊತೆಗೆ ಯಾರನ್ನಾದರೂ ಕರೆದುಕೊಂಡು ಬರಬಹುದಾ ಅಂತ ಬರೆಯಿರಿ. ಎಷ್ಟು ಹೊತ್ತು, ಎಷ್ಟು ದುಡ್ಡು ಬರೆಯಿರಿ, 'ಸಂಪರ್ಕಿಸಿ' ಅಂತ ಬರೆಯಬೇಡಿ. ಆಮೇಲೆ ಅಕ್ಷರ ದೊಡ್ಡದಿರಲಿ. ಕನ್ನಡಕ ಹುಡುಕಿಕೊಂಡು ಓದುವ ವಯಸ್ಸು ನನ್ನದು, ಒತ್ತಕ್ಷರ ಎಲ್ಲಾ ಇರುವೆ ಸಾಲಿನ ಹಾಗೆ ಕಾಣುತ್ತವೆ.

ವಿದ್ಯಾನಗರದವಳು

ಹದಿನೆಂಟು ದಿನ ಆಯಿತು, ಬಂದು ಹೇಳುತ್ತಿದ್ದೇನೆ.

ಡೊಮೈನ್ ನಾನೇ ಕೂತು ಮೂರು ವರ್ಷಕ್ಕೆ ತೆಗೆದುಕೊಂಡೆ, ನನ್ನ ಇಮೇಲ್‌ನಲ್ಲಿ. ಹಳೇ ಸೈಟ್‌ನಲ್ಲಿ ಬರೆದಿದ್ದ 41 ಜನರಲ್ಲಿ 38 ಜನಕ್ಕೆ ಫೋನ್ ಸಿಕ್ಕಿತು. ಇಬ್ಬರು ಬೈದರು. ಒಬ್ಬರು ಅತ್ತರು. ಮಿಕ್ಕವರು ಹೇಳಿದ್ದು ಒಳ್ಳೆಯದಾಯಿತು ಅಂದರು. ಸೈಟ್ ಒಂದೇ ಪುಟ, ಕನ್ನಡದಲ್ಲಿ, ಬಿಳಿ ಹಿನ್ನೆಲೆ. ಮೇಲೆ ಮೇಜಿನ ಫೋಟೋ. ಅದರ ಕೆಳಗೆ ಇಷ್ಟು ಬರೆದಿದ್ದೇನೆ:

"ನಮಸ್ಕಾರ. ನಾನು ದಾವಣಗೆರೆ ವಿದ್ಯಾನಗರದಲ್ಲಿ ಟ್ಯಾರೋ ಕಾರ್ಡ್ ಓದುತ್ತೇನೆ. ನೀವು ಒಂದು ಪ್ರಶ್ನೆ ಇಟ್ಟುಕೊಂಡು ಬನ್ನಿ, ಕಾರ್ಡ್ ಹಾಕಿ ಅದರ ಬಗ್ಗೆ ಕೂತು ಮಾತಾಡೋಣ. 45 ನಿಮಿಷಕ್ಕೆ 600 ರೂಪಾಯಿ, ಬೇರೆ ಯಾವ ಖರ್ಚೂ ಇಲ್ಲ. ಜೊತೆಗೆ ಒಬ್ಬರನ್ನು ಕರೆದುಕೊಂಡು ಬರಬಹುದು. ಮುಂದೆ ಏನಾಗುತ್ತದೆ ಅಂತ ಖಚಿತವಾಗಿ ಹೇಳಲು ನನಗೆ ಬರುವುದಿಲ್ಲ. ನೀವು ಹೇಳಿದ್ದು ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ."

ದರಕ್ಕಿಂತ ಮೇಲೆ 'ಮಾಡದಿರುವುದು' ಬರಬೇಕು ಅಂದಿದ್ದಿರಿ ಅಕ್ಕಾ. ಫೋಟೋದ ಪಕ್ಕದಲ್ಲೇ ಹಾಕಿದ್ದೇನೆ, 14416 ಜೊತೆಗೆ. ಚಿತ್ರ ಒಂದೇ ಇದೆ, ನಕ್ಷತ್ರದ ಕಾರ್ಡ್, ಕೆಳಗೆ ಪಮೆಲಾ ಹೆಸರು. ದೃಷ್ಟಿ ತೆಗೀತೀರಾ ಅಂತ ಈ ವಾರ ಒಬ್ಬರೇ ಕೇಳಿದ್ದು.

ಹರಿಹರದ ಅಕ್ಕಾ, ಅಕ್ಷರವನ್ನು 20ಕ್ಕೆ ಏರಿಸಿದ್ದೇನೆ. ನನ್ನ ಫೋನಿನಲ್ಲಿ ಸರಿ ಕಾಣುತ್ತದೆ. ನಿಮಗೆ ಲಿಂಕ್ ಕಳಿಸುತ್ತೇನೆ, ಕನ್ನಡಕ ಹಾಕದೆ ನೋಡಿ ಒತ್ತಕ್ಷರ ಕಾಣುತ್ತಾ ಹೇಳ್ತೀರಾ?