ಪೊಲೀಸರು ಪಾಸ್‌ವರ್ಡ್ ಕೇಳಿದರೆ ಕೊಡಲೇಬೇಕೆ? ವಕೀಲರೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಸೈಬರ್ ಪ್ರಕರಣಗಳನ್ನು ನಡೆಸುವ ವಕೀಲರಾದ ನಮ್ಮ ಸದಸ್ಯೆಯೊಬ್ಬರು ಇಂದು ಎನ್‌ಕ್ರಿಪ್ಷನ್ (ಕೀಲಿಯಿಲ್ಲದೆ ಓದಲಾಗದಂತೆ ಮಾಹಿತಿಗೆ ಹಾಕುವ ಬೀಗ), ಪಾಸ್‌ವರ್ಡ್ ಮತ್ತು ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೊಂದು ಸರ್ವರಿನ ಮೂಲಕ ಗುಟ್ಟಾಗಿ ಸಾಗಿಸುವ ಸೇವೆ) ಕುರಿತ ಕಾನೂನು ಪ್ರಶ್ನೆಗಳಿಗೆ ಉತ್ತರಿಸಲಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಠಾಣೆಯ ಹೆಸರು, ಕೇಸಿನ ನಂಬರು ಹಾಕಬೇಡಿ.

ಕರಾವಳಿ ಕಾಗೆ: ಮೇಡಂ, ನಮಸ್ಕಾರ. ನಮ್ಮ ದೇಶದಲ್ಲಿ ವಿಪಿಎನ್ ಬಳಸುವುದು ಅಪರಾಧವೇ?

ವಕೀಲರು: ನಮಸ್ಕಾರ. ಅಪರಾಧವಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ವಿಪಿಎನ್ ಸೇವೆ ಮಾರುವವರಿಗೆ ಅನ್ವಯಿಸುತ್ತದೆ, ಬಳಸುವವರಿಗಲ್ಲ. ಗ್ರಾಹಕರ ವಿವರಗಳನ್ನು 5 ವರ್ಷ ಕಾಪಿಡಬೇಕೆಂದು ಅದು ಹೇಳಿತು. ಅದಕ್ಕೊಪ್ಪದ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಇಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ಜಮ್ಮು ಮತ್ತು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಆಗಾಗ ಹೊರಡುವ ತಾತ್ಕಾಲಿಕ ನಿಷೇಧಾಜ್ಞೆಗಳ ಮಾತು ಬೇರೆ.

ದುಬೈ ಕನ್ನಡಿಗ: ಮೇಡಂ, ನಾನು ದುಬೈಯಲ್ಲಿದ್ದೇನೆ. ಊರಿನಲ್ಲಿರುವ ತಾಯಿಗೆ ವಿಡಿಯೊ ಕರೆ ಮಾಡಲು ಇಲ್ಲಿ ವಿಪಿಎನ್ ಬಳಸಿದರೆ ದಂಡ ಬೀಳುತ್ತದೆಯೇ?

ಲೆಕ್ಕಿಗ: ಮೇಡಂ, ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಸಣ್ಣ ಆಡಿಟ್ ಕಚೇರಿ ನಡೆಸುತ್ತೇನೆ. ನನ್ನ ಗ್ರಾಹಕರೊಬ್ಬರ ಮೇಲೆ ವಂಚನೆಯ ಪ್ರಕರಣ ದಾಖಲಾಗಿದೆ. ಕಳೆದ ವಾರ ನನ್ನನ್ನು ಠಾಣೆಗೆ ಕರೆಸಿ, ಫೋನ್ ತೆಗೆದುಕೊಂಡು ಪಿನ್ ಕೇಳಿದರು, ಗಾಬರಿಯಲ್ಲಿ ಹೇಳಿಬಿಟ್ಟೆ. ಅರ್ಧ ಗಂಟೆ ನೋಡಿ ಹಿಂದಿರುಗಿಸಿದರು, ಯಾವ ಕಾಗದವನ್ನೂ ಬರೆಯಲಿಲ್ಲ. ಈಗ ಶನಿವಾರ ಲ್ಯಾಪ್‌ಟಾಪ್ ತರಬೇಕೆಂದು ನೋಟಿಸ್ ಬಂದಿದೆ. ಅದರ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿದೆ, ಈ ಪ್ರಕರಣಕ್ಕೆ ಸಂಬಂಧವೇ ಇಲ್ಲದ ನೂರಾರು ಜನರ ಲೆಕ್ಕಪತ್ರಗಳು ಅದರಲ್ಲಿವೆ. ಪಾಸ್‌ವರ್ಡ್ ಹೇಳದಿದ್ದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ 7 ವರ್ಷ ಜೈಲು ಎಂದು ಪರಿಚಯದವರು ಹೆದರಿಸುತ್ತಿದ್ದಾರೆ. ನಿಜವೇ?

ವಕೀಲರು: ನಿಮ್ಮ ನೋಟಿಸಿನಲ್ಲಿ ಯಾವ ಕಲಂ ಬರೆದಿದೆ ಎಂಬುದನ್ನು ಮೊದಲು ನೋಡಿ ತಿಳಿಸಿ, ಏಕೆಂದರೆ ಮುಂದಿನ ಎಲ್ಲ ಮಾತು ಅದನ್ನೇ ಅವಲಂಬಿಸಿದೆ. ನಾಗರಿಕ ಸುರಕ್ಷಾ ಸಂಹಿತೆಯ (ಪೊಲೀಸ್ ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಕಾನೂನು) ಕಲಂ 179 ಎಂದಿದ್ದರೆ ನಿಮ್ಮನ್ನು ಸಾಕ್ಷಿಯಾಗಿ ಕರೆದಿದ್ದಾರೆ. ಕಲಂ 35(3) ಎಂದಿದ್ದರೆ ನಿಮ್ಮ ಮೇಲೆಯೇ ಅನುಮಾನವಿದೆ. ಕಲಂ 94 ಎಂದಿದ್ದರೆ ದಾಖಲೆಯನ್ನೋ ವಸ್ತುವನ್ನೋ ಹಾಜರುಪಡಿಸಲು ಹೇಳಿದ್ದಾರೆ. ಈ ಕಲಂ ಸಂವಹನ ಸಾಧನಗಳನ್ನು ಹೆಸರಿಸಿಯೇ ಸೇರಿಸಿಕೊಂಡಿದೆ.

69ರ ಬೆದರಿಕೆಯ ವಿಚಾರ. ಆ ಕಲಮಿನಲ್ಲಿ 7 ವರ್ಷದವರೆಗಿನ ಶಿಕ್ಷೆ ಇರುವುದು ನಿಜ. ಆದರೆ ಆ ಕಲಮಿನಡಿ ಬೀಗ ತೆರೆದು ಕೊಡಿ ಎಂದು ಆದೇಶಿಸುವವರು ಠಾಣಾಧಿಕಾರಿಯಲ್ಲ. ಆ ಕಾಯ್ದೆಯಡಿಯ 2009ರ ನಿಯಮಗಳ ಪ್ರಕಾರ ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ಗೃಹ ಇಲಾಖೆಯ ಕಾರ್ಯದರ್ಶಿ ಕಾರಣಸಹಿತವಾಗಿ ಲಿಖಿತ ಆದೇಶ ಕೊಡಬೇಕು. ತುರ್ತು ಸಂದರ್ಭದ ವಿನಾಯಿತಿಯಲ್ಲೂ ರಾಜ್ಯ ಮಟ್ಟದಲ್ಲಿ ಐಜಿಪಿ (ಪೊಲೀಸ್ ಮಹಾನಿರೀಕ್ಷಕ) ದರ್ಜೆಗಿಂತ ಕೆಳಗಿನವರಿಗೆ ಆ ಅಧಿಕಾರವಿಲ್ಲ. ಅಂಥ ಆದೇಶ ನಿಮ್ಮ ಕೈಗೆ ಬಂದಿಲ್ಲವಾದರೆ ಆ 7 ವರ್ಷದ ಮಾತನ್ನು ತಲೆಯಿಂದ ತೆಗೆದುಹಾಕಿ. ಹಾಗೆಂದು ಕಲಂ 94ರ ನೋಟಿಸನ್ನು ಕಡೆಗಣಿಸಬೇಡಿ. ಕಾನೂನುಬದ್ಧವಾಗಿ ಕೇಳಿದ ದಾಖಲೆಯನ್ನು ಬೇಕೆಂದೇ ಹಾಜರುಪಡಿಸದಿರುವುದು ನ್ಯಾಯ ಸಂಹಿತೆಯ (ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಕಾನೂನು) ಕಲಂ 210ರಡಿ ಅಪರಾಧ. ಕೇಳಿದವರು ಪೊಲೀಸರಾದರೆ ಅದಕ್ಕಿರುವುದು ಒಂದು ತಿಂಗಳವರೆಗಿನ ಸಾದಾ ಸೆರೆವಾಸ ಅಥವಾ ದಂಡ, ಇಲ್ಲವೇ ಎರಡೂ.

ಈಗ ಕಷ್ಟದ ಭಾಗ. ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಪಾಸ್‌ವರ್ಡ್ ಹೇಳುವುದು ಸಾಕ್ಷ್ಯ ನುಡಿದಂತೆಯೋ ಅಥವಾ ಬೆರಳಚ್ಚು ಕೊಟ್ಟಂತೆಯೋ ಎಂಬುದೇ ಇಲ್ಲಿನ ಜಗಳ. ಬೆರಳಚ್ಚು ಸಾಕ್ಷ್ಯ ನುಡಿದಂತಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ, ಅದು ಮನಸ್ಸಿನೊಳಗಿನದನ್ನು ಕಸಿದಂತೆ ಎಂದು 2010ರ ಸೆಲ್ವಿ ಪ್ರಕರಣದಲ್ಲಿ ಹೇಳಿತು. ಅದೂ ನಮ್ಮ ರಾಜ್ಯದಿಂದ ಹೋದ ಮೊಕದ್ದಮೆಯೇ. ಪಾಸ್‌ವರ್ಡ್ ಇರುವುದು ಮನಸ್ಸಿನೊಳಗೆ, ತೆರೆಯುವುದು ಹೊರಗಿನ ಪೆಟ್ಟಿಗೆಯನ್ನು; ಆದ್ದರಿಂದ ಎರಡೂ ತೀರ್ಪುಗಳು ಅದನ್ನು ತಮ್ಮ ಕಡೆಗೆ ಎಳೆಯುತ್ತವೆ. ಕರ್ನಾಟಕ ಹೈಕೋರ್ಟ್ 2021ರ ಮಾರ್ಚಿನಲ್ಲಿ ಬೆರಳಚ್ಚಿನ ಕಡೆಗೆ ವಾಲಿತು: ಪಾಸ್‌ವರ್ಡ್ ಕೊಡುವುದರಿಂದಲೇ ತಪ್ಪೊಪ್ಪಿಕೊಂಡಂತೆ ಆಗುವುದಿಲ್ಲ, ಒಳಗೆ ಸಿಕ್ಕಿದ್ದನ್ನು ಪ್ರಾಸಿಕ್ಯೂಷನ್ ಬೇರೆಯಾಗಿ ಸಾಬೀತುಪಡಿಸಬೇಕು ಎಂದಿತು. ಆದರೆ ಅದೇ ತೀರ್ಪು, ತುರ್ತು ಸಂದರ್ಭ ಬಿಟ್ಟರೆ, ಫೋನ್ ಮತ್ತು ಕಂಪ್ಯೂಟರಿನ ಶೋಧನೆಗೆ ನ್ಯಾಯಾಲಯದ ವಾರಂಟ್ ಬೇಕು ಎಂದಿತು; ಸಿಕ್ಕ ಮಾಹಿತಿಯನ್ನು ತನಿಖಾಧಿಕಾರಿ ಮೂರನೆಯವರಿಗೆ ಹಂಚುವಂತಿಲ್ಲ ಎಂದೂ ಹೇಳಿತು. ದೆಹಲಿಯ ವಿಶೇಷ ಸಿಬಿಐ ನ್ಯಾಯಾಲಯ 2022ರ ಅಕ್ಟೋಬರಿನಲ್ಲಿ ಇದಕ್ಕೆ ವಿರುದ್ಧವಾಗಿ, ಪಾಸ್‌ವರ್ಡನ್ನು ಬಲವಂತದಿಂದ ಪಡೆಯುವಂತಿಲ್ಲ ಎಂದಿತು. ಓದಲು ಅದು ಚೆನ್ನಾಗಿದೆ, ಆದರೆ ವಿಚಾರಣಾ ನ್ಯಾಯಾಲಯದ ಆದೇಶ. ನಿಮ್ಮನ್ನು ಕಟ್ಟುವುದು ನಮ್ಮ ಹೈಕೋರ್ಟಿನ ಮಾತು.

ನಿಮ್ಮ ವಿಷಯದಲ್ಲಿ ನನಗೆ ಚಿಂತೆಯಾಗಿರುವುದು ಇನ್ನೊಂದು ಕಾರಣಕ್ಕೆ. 20(3)ರ ರಕ್ಷಣೆಯನ್ನು ಬರೆದಿರುವುದು ಆರೋಪಿಗಾಗಿ. ಸಾಕ್ಷಿಯಾದವರು, ತಮ್ಮನ್ನೇ ಆರೋಪಕ್ಕೆ ಒಡ್ಡುವ ಪ್ರಶ್ನೆಗಳನ್ನು ಬಿಟ್ಟು ಉಳಿದವಕ್ಕೆ ನಿಜವನ್ನೇ ಹೇಳಬೇಕು. ಕಕ್ಷಿದಾರರ ಗುಟ್ಟು ಕಾಯಲು ವಕೀಲರಿಗೆ ಸಾಕ್ಷ್ಯ ಕಾನೂನು ಕೊಟ್ಟಿರುವ ಕವಚ ಲೆಕ್ಕಪರಿಶೋಧಕರಿಗಿಲ್ಲ. ಆದ್ದರಿಂದ 'ಇದು ನನ್ನ ಹಕ್ಕು' ಎಂದು ನೀವು ಎದ್ದು ನಿಲ್ಲುವುದಕ್ಕಿಂತ, ಸಂಬಂಧವಿಲ್ಲದ ನೂರಾರು ಗ್ರಾಹಕರ ಖಾಸಗಿತನವನ್ನು ಮುಂದಿಡುವುದು ಗಟ್ಟಿಯಾದ ನೆಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯಲ್ಲೇ. ಅದಕ್ಕೆ ಅಡ್ಡಿಪಡಿಸುವ ಕ್ರಮ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲು ನಿಮ್ಮ ಲ್ಯಾಪ್‌ಟಾಪಿಗೂ ಅನ್ವಯಿಸುತ್ತದೆ.

ಕಲಂ ಯಾವುದೆಂದು ತಿಳಿಸಿ. ಅಲ್ಲಿಯವರೆಗೆ ಯಾವುದನ್ನೂ ಅಳಿಸಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ಸುಪ್ರಭಾತ: ಎಲ್ಲರ ಗಮನಕ್ಕೆ. ವಾಟ್ಸ್ಆ್ಯಪ್‌ನಲ್ಲಿ ಮೂರು ನೀಲಿ ಟಿಕ್ ಬಂದರೆ ಸರ್ಕಾರ ನಿಮ್ಮ ಸಂದೇಶವನ್ನು ಓದಿದೆ ಎಂದರ್ಥ. ಎರಡು ನೀಲಿ, ಒಂದು ಕೆಂಪು ಬಂದರೆ ಕ್ರಮ ಕೈಗೊಳ್ಳಲಿದೆ ಎಂದರ್ಥ. ಎಲ್ಲ ಗ್ರೂಪುಗಳಿಗೂ ಕಳುಹಿಸಿ.

ವಕೀಲರು: ಸುಳ್ಳು. ಮೂರನೆಯ ಟಿಕ್ ಎಂಬುದೇ ಇಲ್ಲ. ದಯವಿಟ್ಟು ಅಳಿಸಿ.

ಕಾನೂನು ವಿದ್ಯಾರ್ಥಿನಿ: ಮೇಡಂ, ಎಷ್ಟು ಬಿಟ್ ಎನ್‌ಕ್ರಿಪ್ಷನ್ ಬಳಸಬಹುದು ಎಂದು ನಮ್ಮ ಕಾನೂನು ಎಲ್ಲಾದರೂ ಹೇಳಿದೆಯೇ?

ವಕೀಲರು: ಒಳ್ಳೆಯ ಪ್ರಶ್ನೆ. ಬಿಟ್ ಎಂದರೆ ಕೀಲಿಯ ಉದ್ದದ ಅಳತೆ, ಹೆಚ್ಚಿದಷ್ಟೂ ಬೀಗ ಗಟ್ಟಿ. ಹಳೆಯ ಇಂಟರ್ನೆಟ್ ಸೇವಾ ಪರವಾನಗಿಯ ಷರತ್ತಿನಲ್ಲಿ, ಅನುಮತಿಯಿಲ್ಲದೆ ಬಳಸಬಹುದಾದದ್ದು 40 ಬಿಟ್‌ವರೆಗೆ, ಅದಕ್ಕಿಂತ ಹೆಚ್ಚಿನದಕ್ಕೆ ಅನುಮತಿ ಪಡೆದು ಕೀಲಿಯನ್ನು ಒಪ್ಪಿಸಬೇಕು ಎಂದಿತ್ತು. ಅದೇ ಕಾಲದಲ್ಲಿ, ಅಂದರೆ 2001ರಲ್ಲಿ, ರಿಸರ್ವ್ ಬ್ಯಾಂಕು ಇಂಟರ್ನೆಟ್ ಬ್ಯಾಂಕಿಂಗಿಗೆ ಕನಿಷ್ಠ 128 ಬಿಟ್ ಬೇಕೆಂದಿತು. ಒಂದು ಇಲಾಖೆ ಬೇಡವೆಂದಿದ್ದನ್ನು ಇನ್ನೊಂದು ಕಡ್ಡಾಯ ಮಾಡಿತ್ತು. ಈ ಗೋಜಲು ಬಿಡಿಸಲು ಐಟಿ ಕಾಯ್ದೆಗೆ 84ಎ ಎಂಬ ಕಲಂ ಸೇರಿ 2009ರಲ್ಲಿ ಜಾರಿಗೆ ಬಂತು. ಅದರಡಿ 2015ರ ಸೆಪ್ಟೆಂಬರಿನಲ್ಲಿ ಹೊರಬಂದ ಕರಡು ನೀತಿಯು ನಾಗರಿಕರು ಕೂಡ ತಾವು ಕಳುಹಿಸಿದ ಸಂದೇಶದ ಮೂಲಪಠ್ಯವನ್ನು (ಬೀಗ ಹಾಕುವ ಮುಂಚಿನ ರೂಪವನ್ನು) 90 ದಿನ ಇಟ್ಟುಕೊಂಡಿರಬೇಕು ಎಂದಿತು. ದೊಡ್ಡ ಗಲಾಟೆಯಾಗಿ, ಸೆಪ್ಟೆಂಬರ್ 22ರಂದು ಸಚಿವ ರವಿಶಂಕರ್ ಪ್ರಸಾದ್ ಅವರು ಅದನ್ನು ಹಿಂಪಡೆಯುತ್ತಿರುವುದಾಗಿ ಹೇಳಿದರು.

ಬೀದರ್ ಮೇಷ್ಟ್ರು: ನಾನು ನಿವೃತ್ತ ಶಿಕ್ಷಕ. ಬಚ್ಚಿಡಲು ಏನೂ ಇಲ್ಲದವರಿಗೆ ಈ ಗುಟ್ಟಿನ ಬೀಗ ಏಕೆ ಬೇಕು? 2018ರ ಜುಲೈನಲ್ಲಿ ನಮ್ಮ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ವಾಟ್ಸ್ಆ್ಯಪ್‌ನಲ್ಲಿ ಹರಡಿ, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರನನ್ನು ಜನ ಹೊಡೆದು ಕೊಂದರು. ಮೊದಲು ಕಳುಹಿಸಿದವನು ಯಾರೆಂದು ಹೇಳಲು ಕಂಪನಿಗೆ ಏನು ಕಷ್ಟ?

ಬೈಟು ಕಾಫಿ: ಮೇಷ್ಟ್ರೇ, ಕಂಪನಿಗೇ ಗೊತ್ತಿಲ್ಲದಿರುವುದು ಕಷ್ಟ. ಸಂದೇಶಕ್ಕೆ ಬೀಗ ಬೀಳುವುದು ಕಳುಹಿಸುವವರ ಫೋನಿನಲ್ಲಿ, ತೆರೆಯುವುದು ಪಡೆಯುವವರ ಫೋನಿನಲ್ಲಿ. ನಡುವಿನ ಸರ್ವರಿಗೆ ಕಾಣುವುದು ಮುಚ್ಚಿದ ಲಕೋಟೆ ಮಾತ್ರ. ಮೊದಲಿಗರನ್ನು ಹುಡುಕಬೇಕಾದರೆ ಎಲ್ಲರ ಎಲ್ಲ ಲಕೋಟೆಗಳ ಮೇಲೂ ಮೊದಲೇ ಗುರುತು ಹಾಕಿಡಬೇಕು. ಮುರ್ಕಿಯಲ್ಲಿ ಪೊಲೀಸರು ಗ್ರೂಪ್ ಅಡ್ಮಿನ್‌ನನ್ನೂ ಬಂಧಿಸಿದ್ದರು, ನೆನಪಿದೆಯೇ? ಯಾವ ಬೀಗವನ್ನೂ ಒಡೆಯದೆ, ಸಂದೇಶ ಪಡೆದವರ ಫೋನ್ ನೋಡಿಯೇ ಅದು ಸಾಧ್ಯ.

ಬೀದರ್ ಮೇಷ್ಟ್ರು: ಗುರುತು ಹಾಕಬಹುದು ಎಂದು ಐಐಟಿ ಮದ್ರಾಸಿನ ಪ್ರೊಫೆಸರ್ ಕಾಮಕೋಟಿಯವರೇ 2019ರಲ್ಲಿ ಮದ್ರಾಸ್ ಹೈಕೋರ್ಟಿಗೆ ಹೇಳಿದ್ದಾರೆ. ಅವರಿಗಿಂತ ನೀವು ಹೆಚ್ಚು ಬಲ್ಲಿರಾ?

ಬೈಟು ಕಾಫಿ: ಅದೇ ನ್ಯಾಯಾಲಯದ ಮುಂದೆ ಐಐಟಿ ಬಾಂಬೆಯ ಪ್ರೊಫೆಸರ್ ಮನೋಜ್ ಪ್ರಭಾಕರನ್ ಅದನ್ನು ವಿರೋಧಿಸಿದ್ದನ್ನು ಅರ್ಧಕ್ಕೇ ಬಿಟ್ಟಿರಿ. ವಿದೇಶದಿಂದ ಬಂದ ಸಂದೇಶವಾದರೆ ಭಾರತದಲ್ಲಿ ಮೊದಲು ಪಡೆದು ದಾಟಿಸಿದವರೇ ಮೂಲವೆಂದು, ಮೊದಲು ಕಳುಹಿಸಿದವರನ್ನು ಗುರುತಿಸಿ ಎನ್ನುವ ಸರ್ಕಾರದ ನಿಯಮ ಭಾವಿಸುತ್ತದೆ. ಒಳ್ಳೆಯ ಮನಸ್ಸಿನಿಂದ 'ಇದು ನಿಜವೇ' ಎಂದು ಕೇಳಿ ಕಳುಹಿಸಿದವರೂ ಅಪರಾಧದ ಮೂಲಪುರುಷರಾಗುತ್ತಾರೆ.

ಕರಾವಳಿ ಕಾಗೆ: ಇಬ್ಬರೂ ಬೇರೆ ಎಳೆ ತೆರೆದು ಜಗಳವಾಡಬಾರದೇ?

ವಕೀಲರು: ನಿಯಮವನ್ನು ಅದು ಇರುವಂತೆ ಹೇಳುತ್ತೇನೆ. 2021ರ ಫೆಬ್ರವರಿ 25ರ ಮಧ್ಯವರ್ತಿ ನಿಯಮಗಳ (ಬಳಕೆದಾರರ ಸಂದೇಶ, ಮಾಹಿತಿಗಳನ್ನು ದಾಟಿಸುವ ಕಂಪನಿಗಳಿಗಾಗಿ ಇರುವ ನಿಯಮಗಳು) 4(2) ಅನ್ವಯಿಸುವುದು 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರುಳ್ಳ ಮೆಸೇಜಿಂಗ್ ಸೇವೆಗಳಿಗೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಅತ್ಯಾಚಾರ, ಮಕ್ಕಳ ಲೈಂಗಿಕ ಶೋಷಣೆಯಂಥ ಗಂಭೀರ ಅಪರಾಧಗಳಲ್ಲಿ ಮಾತ್ರ, ನ್ಯಾಯಾಲಯದ ಅಥವಾ 69ರಡಿಯ ಸಕ್ಷಮ ಅಧಿಕಾರಿಯ ಆದೇಶದ ಮೇಲೆ, ಮೊದಲು ಕಳುಹಿಸಿದವರನ್ನು ಗುರುತಿಸಬೇಕು. ಸಂದೇಶದ ಒಳಗಿನದನ್ನು ಕೊಡಬೇಕಾಗಿಲ್ಲ. ವಾಟ್ಸ್ಆ್ಯಪ್ ಇದನ್ನು 2021ರ ಮೇ ತಿಂಗಳಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಎನ್‌ಕ್ರಿಪ್ಷನ್ ಮುರಿಯಬೇಕೆಂದರೆ ಭಾರತ ಬಿಟ್ಟು ಹೋಗುತ್ತೇವೆ ಎಂದು 2024ರ ಏಪ್ರಿಲಿನಲ್ಲಿ ಅದರ ವಕೀಲರು ವಾದಿಸಿದರು. ನನ್ನ ಅಭಿಪ್ರಾಯ ಕೇಳುವುದಾದರೆ, ಮೇಷ್ಟ್ರ ನೋವು ನಿಜ, ಮದ್ದು ತಪ್ಪು. ಇದರ ಮೇಲೆ ಇನ್ನು ಮಾತಾಡುವುದಿಲ್ಲ.

ಬೀದರ್ ಮೇಷ್ಟ್ರು: ಬೆಂಗಳೂರಿನ ಏಸಿ ಕೋಣೆಯಲ್ಲಿ ಕುಳಿತವರಿಗೆ ಹಳ್ಳಿಯ ಹೆಣ ಕಾಣುವುದಿಲ್ಲ.

ಬೈಟು ಕಾಫಿ: ಅದೇ 2018ರ ಮೇ ತಿಂಗಳಿನಲ್ಲಿ ಮಕ್ಕಳ ಕಳ್ಳರೆಂಬ ಇದೇ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಒಬ್ಬ ಬಡ ಕೂಲಿಕಾರ ಸತ್ತ. ಹೆಣ ನಿಮ್ಮ ಊರಿನ ಸ್ವತ್ತಲ್ಲ. ಗ್ರೂಪಿನಲ್ಲಿ ಸುಳ್ಳು ಕಳುಹಿಸುವವರು ಯಾವ ವಯಸ್ಸಿನವರೆಂದು ಮೇಲೆ ನೋಡಿದರೆ ತಿಳಿಯುತ್ತದೆ.

ಸುಪ್ರಭಾತ: ಇದು ನನಗೆ ಹೇಳಿದ್ದೇ?

ಅಡ್ಮಿನ್: ವೈಯಕ್ತಿಕ ಮಾತು ಬೇಡ.

ಮಲೆನಾಡಿಗ: ವಿಪಿಎನ್ ಹಾಕಿಕೊಂಡರೆ ಕೇಸ್ ಆಗುತ್ತದೆಯೇ?

ವಕೀಲರು: ಮೊದಲ ಉತ್ತರ ಓದಿ.

ದುಬೈ ಕನ್ನಡಿಗ: ಮೇಡಂ, ನನ್ನ ಪ್ರಶ್ನೆ ಬಿಟ್ಟುಹೋಗಿದೆ.

ಹುಬ್ಬಳ್ಳಿ ಹುಡುಗ: ಲೆಕ್ಕಿಗರಿಗೆ ಒಂದು ಉಪಾಯ, ನಮ್ಮ ಗ್ರೂಪಿಗೆ ಬಂದಿದ್ದು. ಸೆಟ್ಟಿಂಗ್ಸ್‌ನಲ್ಲಿ ಹತ್ತು ಬಾರಿ ತಪ್ಪು ಪಿನ್ ಒತ್ತಿದರೆ ಎಲ್ಲ ಅಳಿಸಿಹೋಗುವಂತೆ ಮಾಡಿಕೊಳ್ಳಿ. ಪೊಲೀಸರು ಕೇಳಿದಾಗ ತಪ್ಪು ಪಿನ್ ಹೇಳಿ. ಅವರೇ ಒತ್ತಿ ಅಳಿಸಿದಂತಾಗುತ್ತದೆ, ನಿಮ್ಮ ಮೇಲೆ ಏನೂ ಬರುವುದಿಲ್ಲ. ಸಂವಿಧಾನದ 21ನೇ ವಿಧಿಯ (ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆ) ಪ್ರಕಾರ ಇದು ಹಕ್ಕು.

ವಕೀಲರು: ಇದನ್ನು ಬರೆದವರು ಯಾರೋ ತಿಳಿಯದು, ಇದನ್ನು ನಂಬಿದವರ ಜಾಮೀನು ಅರ್ಜಿ ಬರೆಯುವವರು ನನ್ನಂಥವರು. ಸಾಕ್ಷ್ಯವಾಗಿ ಹಾಜರಾಗದಿರಲಿ ಎಂಬ ಉದ್ದೇಶದಿಂದ ವಿದ್ಯುನ್ಮಾನ ದಾಖಲೆಯನ್ನು ನಾಶಪಡಿಸುವುದು ನ್ಯಾಯ ಸಂಹಿತೆಯ ಕಲಂ 241ರಡಿ ಸ್ವತಂತ್ರ ಅಪರಾಧ. ಗುಂಡಿ ಒತ್ತಿದ ಬೆರಳು ಯಾರದೆಂದು ನ್ಯಾಯಾಲಯ ಕೇಳುವುದಿಲ್ಲ, ಬಲೆ ಹೂಡಿದವರು ಯಾರೆಂದು ಕೇಳುತ್ತದೆ. ಇಂದು ಸಾಕ್ಷಿಯಾಗಿರುವ ಮನುಷ್ಯ ಈ ಉಪಾಯದಿಂದ ನಾಳೆ ಆರೋಪಿಯಾಗುತ್ತಾರೆ. 21ನೇ ವಿಧಿಯನ್ನು ದಯವಿಟ್ಟು ಎಲ್ಲ ಕಾಯಿಲೆಗೂ ಕಷಾಯ ಮಾಡಬೇಡಿ. ಅಡ್ಮಿನ್, ಇದನ್ನು ತೆಗೆಯಿರಿ.

ಹುಬ್ಬಳ್ಳಿ ಹುಡುಗ: ಸಹಾಯ ಮಾಡಲು ಹೋದರೆ ಬೈಗುಳ. ಉಚಿತವಾಗಿ ಹೇಳಿದ್ದಕ್ಕೆ ಬೆಲೆ ಇಲ್ಲ.

ವಕೀಲರು: ನಾನೂ ಉಚಿತವಾಗಿಯೇ ಹೇಳುತ್ತಿದ್ದೇನೆ.

ತುಂಗಾ ತೀರ: ಮೇಡಂ, ನನ್ನ ಗಂಡ ನಾನು ಮಲಗಿದ್ದಾಗ ನನ್ನ ಬೆರಳಿನಿಂದಲೇ ಫೋನ್ ತೆರೆದು ಸಂದೇಶಗಳ ಫೋಟೊ ತೆಗೆದಿದ್ದಾರೆ. ಅದನ್ನು ಕೌಟುಂಬಿಕ ನ್ಯಾಯಾಲಯ ಒಪ್ಪುತ್ತದೆಯೇ?

ಸುಪ್ರಭಾತ: ಸ್ಟೇಟಸ್‌ನಲ್ಲಿ 'ನನ್ನ ಫೋಟೊ ಬಳಸಲು ಅನುಮತಿ ಇಲ್ಲ' ಎಂದು ಹಾಕಿದರೆ ಕಂಪನಿಗೆ ಕಾನೂನು ನೋಟಿಸ್ ಕೊಟ್ಟಂತೆ ಎನ್ನುತ್ತಾರೆ. ಇದಾದರೂ ನಿಜವೇ?

ವಕೀಲರು: ಅಲ್ಲ.

ಲೆಕ್ಕಿಗ: ಮೇಡಂ, ನೋಟಿಸ್ ನೋಡಿದೆ. ಕಲಂ 94 ಎಂದಿದೆ. 'ಸದರಿ ಲ್ಯಾಪ್‌ಟಾಪ್ ಹಾಗೂ ಅದರ ಪಾಸ್‌ವರ್ಡ್ ಸಮೇತ ಹಾಜರಾಗತಕ್ಕದ್ದು' ಎಂದು ಬರೆದು ಸಹಿ, ಮೊಹರು ಹಾಕಿದ್ದಾರೆ. ನಾನು ಸಾಕ್ಷಿಯೆಂದೇ ಬರೆದಿದೆ.

ವಕೀಲರು: ಸರಿ, ಇದು ಒಳ್ಳೆಯದು. ಕಲಂ 94 ದಾಖಲೆ ಮತ್ತು ವಸ್ತುಗಳ ಬಗ್ಗೆ ಮಾತಾಡುತ್ತದೆ. ತಲೆಯೊಳಗಿರುವ ಪಾಸ್‌ವರ್ಡ್ ವಸ್ತುವೋ ದಾಖಲೆಯೋ ಎಂಬುದನ್ನು ವಾದಿಸಲು ಅವಕಾಶವಿದೆ, ಆದರೆ 2021ರ ತೀರ್ಪಿನ ಎದುರು ಆ ವಾದವೊಂದನ್ನೇ ನಂಬಿ ಹೋಗಬೇಡಿ. ಶುಕ್ರವಾರದೊಳಗೆ ನಿಮ್ಮೂರಿನ ವಕೀಲರೊಬ್ಬರನ್ನು ಕಂಡು ಲಿಖಿತ ಉತ್ತರ ಸಿದ್ಧಪಡಿಸಿ. ಆರೋಪಿ ಗ್ರಾಹಕರಿಗೆ ಸಂಬಂಧಿಸಿದ ಎಲ್ಲ ಕಡತಗಳನ್ನು ಬೇರೆ ಡ್ರೈವಿನಲ್ಲಿ, ವಿದ್ಯುನ್ಮಾನ ದಾಖಲೆಗೆ ಬೇಕಾಗುವ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಮತ್ತು ಹ್ಯಾಶ್ ಮೌಲ್ಯದೊಂದಿಗೆ (ಕಡತ ಬದಲಾಗಿದೆಯೇ ಎಂದು ಪತ್ತೆಹಚ್ಚುವ ಗುರುತು) ಈಗಲೇ ಕೊಡುವುದಾಗಿ ಬರೆಯಿರಿ. ಉಳಿದವರ ದಾಖಲೆಗಳು ಪ್ರಕರಣಕ್ಕೆ ಹೊರತಾದ್ದರಿಂದ, ಇಡೀ ಡಿಸ್ಕ್ ತೆರೆಯಬೇಕೆಂದರೆ ಹೈಕೋರ್ಟ್ ಹೇಳಿರುವಂತೆ ವಾರಂಟ್ ಪಡೆಯಲಿ, ಪಡೆದರೆ ಸಹಕರಿಸುತ್ತೇನೆ ಎಂದು ಸೇರಿಸಿ. ಲ್ಯಾಪ್‌ಟಾಪನ್ನು ಕೊಂಡೊಯ್ಯಿರಿ, ಇಲ್ಲವೆನ್ನಬೇಡಿ. ಜಪ್ತಿ ಮಾಡಿದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರಂತೆ ವಿಡಿಯೊ ಚಿತ್ರೀಕರಣ ನಡೆಯಬೇಕು. ಮಹಜರಿನ ಪ್ರತಿ ಕೇಳಿ, ಅದರಲ್ಲಿ ಸೀರಿಯಲ್ ನಂಬರು ಇದೆಯೇ ನೋಡಿ. 'ಸ್ವಇಚ್ಛೆಯಿಂದ ಪಾಸ್‌ವರ್ಡ್ ನೀಡಿರುತ್ತಾರೆ' ಎಂಬ ಸಾಲಿದ್ದರೆ, ಅದು ನಿಜವಲ್ಲದಿದ್ದರೆ, ಸಹಿ ಹಾಕಬೇಡಿ.

ಲೆಕ್ಕಿಗ: ತುಂಬಾ ಉಪಕಾರವಾಯಿತು ಮೇಡಂ. ಕಳೆದ ವಾರ ಹೇಳಿಬಿಟ್ಟ ಫೋನಿನ ಪಿನ್ ಬದಲಾಯಿಸಬಹುದೇ, ಅದೂ ಸಾಕ್ಷ್ಯನಾಶವೇ?

ವಕೀಲರು: ಪಿನ್ ಬದಲಾಯಿಸುವುದು ಸಾಕ್ಷ್ಯನಾಶವಲ್ಲ. ಈಗಲೇ ಬದಲಾಯಿಸಿ. ಬ್ಯಾಂಕಿನ ಆ್ಯಪಿಗೂ ಅದೇ ಪಿನ್ ಇಟ್ಟಿದ್ದರೆ ಅದನ್ನೂ ಬದಲಾಯಿಸಿ.